ಹಿಂದೆ ಸರಿಯಿರಿ, ನನಗೆ ತರಬೇತಿ ಆಗಿದೆ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಸತ್ತು ಒಂಬತ್ತು ದಿನವಾಗಿದ್ದ ಗಂಡ ಅವಳ ಫೋನಿನಲ್ಲಿ ಸೂರ್ಯನನ್ನು ಎತ್ತಿಸುತ್ತ ನಿಂತಿದ್ದ. ಕಳಿಸಿದವಳು ವಿಶ್ವವಿದ್ಯಾಲಯದಲ್ಲಿ ಜೊತೆಗೆ ಓದಿದ್ದ ಗೆಳತಿ. ಮದುವೆಗೆ ಬಂದಿರಲಿಲ್ಲ, ಸಾವಿನ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ, ಚಿತ್ರದಲ್ಲಿರುವ ಮನುಷ್ಯ ಯಾರೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಚಿತ್ರದಲ್ಲಿ ಅವನು ಎಂದಿನಂತೆ ಸರಕು ಎತ್ತುವ ಫೋರ್ಕ್‌ಲಿಫ್ಟಿನ ಪಕ್ಕ ಎದೆ ಸೆಟೆದು ನಿಂತಿದ್ದ, ಕೊರಳಲ್ಲಿ ಕಾರ್ಡು, ಒಂದು ಕೈ ಜನರನ್ನು ತಡೆಯುವಂತೆ ಚಾಚಿತ್ತು. ಯಂತ್ರದ ಎರಡು ಕಬ್ಬಿಣದ ತೋಳುಗಳ ಮೇಲೆ ಯಾರೋ ಕತ್ತರಿಸಿ ತಂದ ಕೆಂಪು ಸೂರ್ಯ. ಕೆಳಗೆ ಅದೇ ಎರಡು ಸಾಲು: ಹಿಂದೆ ಸರಿಯಿರಿ. ನನಗೆ ತರಬೇತಿ ಆಗಿದೆ. ಅದರ ಕೆಳಗೆ ಗೆಳತಿ 'ಶುಭೋದಯ' ಎಂದು ಬರೆದು ನಗುವ ಮುಖ ಅಂಟಿಸಿದ್ದಳು. ಇವಳು ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ನೋಡಿದಳು. ಸೂರ್ಯನ ಅಂಚು ಒರಟಾಗಿ ಕತ್ತರಿಸಲ್ಪಟ್ಟಿದೆ, ಅವಸರದಲ್ಲಿ ಮಾಡಿದ ಕೆಲಸ ಎಂದುಕೊಂಡಳು. ಬೇರೇನೂ ಅನ್ನಿಸಲಿಲ್ಲ. ಅನ್ನಿಸದಿರುವುದು ಗೊತ್ತಾಗಿ, ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಗಲೂ ಏನೂ ಆಗದಾಗ ಎದ್ದು ಹಲ್ಲುಜ್ಜಲು ಹೋದಳು.

ಅಡುಗೆಮನೆಯಲ್ಲಿ ಅತ್ತೆ ಒಲೆಯ ಕಟ್ಟೆ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು. ನೆಂಟರು ತೊಳೆದಿಟ್ಟುಹೋದ ಪಾತ್ರೆಗಳು ಯಾವುವೂ ತಮ್ಮ ತಮ್ಮ ಜಾಗದಲ್ಲಿರಲಿಲ್ಲ, ಸಕ್ಕರೆ ಡಬ್ಬಿ ಹುಡುಕುವುದಕ್ಕೇ ಇಬ್ಬರಿಗೂ ಎರಡೆರಡು ಕಪಾಟು ತೆರೆಯಬೇಕಾಯಿತು. ಚಹಾ ಸೋಸುತ್ತ ಅತ್ತೆ, "ಗೋಡೆಗೆ ಅವನದೊಂದು ಫೋಟೋ ಬೇಕಲ್ಲ" ಎಂದರು. "ಸಪ್ಪೆ ಮುಖದ್ದು ಬೇಡ. ಅವನು ನೆಟ್ಟಗೆ ನಿಂತಿರೋದು ಒಂದಾದ್ರೂ ಇರುತ್ತೆ ನಿನ್ನ ಫೋನಲ್ಲಿ. ಇವತ್ತೇ ದೊಡ್ಡದು ಮಾಡಿಸ್ಕೊಂಡು ಬಾ." ಅವಳು ಹೂಂ ಎಂದಳು. ಅವನು ನೆಟ್ಟಗೆ ನಿಂತಿದ್ದ ಫೋಟೋ ಲೋಕದಲ್ಲಿ ಒಂದೇ ಒಂದಿತ್ತು. ಉಳಿದವುಗಳಲ್ಲೆಲ್ಲ ಅವನು ಯಾರದೋ ಭುಜದ ಹಿಂದೆ, ಬಾಗಿಲ ಪಕ್ಕ, ಅರ್ಧ ಕಣ್ಣು ಮುಚ್ಚಿ, ತನ್ನನ್ನೂ ಸೇರಿಸಿದ್ದಕ್ಕೆ ಸಂಕೋಚಪಡುವವನಂತೆ ಇರುತ್ತಿದ್ದ. ಲೋಟ ಮುಂದಿಡುತ್ತ ಅತ್ತೆ ಅವಳ ಮುಖ ನೋಡದೆ ಹೇಳಿದರು: "ಅವತ್ತು ನಗು ಬಂತಲ್ಲ ನಿನಗೆ. ನಾನು ನೋಡಿದೆ." ಅವಳು ಲೋಟ ಹಿಡಿದೇ ಕೂತಳು. "ಇರಲಿ ಬಿಡು. ನಮ್ಮೆಜಮಾನ್ರು ಹೋದ ದಿನ ನನಗೆ ಹಸಿವಾಗಿತ್ತು. ಎಲ್ಲರೂ ಅಳ್ತಿದ್ರೆ ನಾನು ಒಳಗೆ ಹೋಗಿ ನಿಂತ್ಕೊಂಡೇ ತಿಂದೆ." ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವತ್ತು ಗಂಡನ ಹೆಣ ಎತ್ತಲು ಆರು ಜನ ಬಾಗಿದಾಗ, ಅವರಲ್ಲಿ ದೊಡ್ಡವನು, ಅವನ ದೊಡ್ಡಪ್ಪನ ಮಗ, ಸುತ್ತ ಕವಿದುಕೊಂಡಿದ್ದ ಹೆಂಗಸರಿಗೆ "ಸ್ವಲ್ಪ ಹಿಂದೆ ಸರಿಯಿರಿ" ಎಂದಿದ್ದ. ಉಳಿದ ಸಾಲು ಅವಳ ಬಾಯಿಯೊಳಗೆ ತಾನಾಗಿ ಎದ್ದು ಬಂತು. ನಗು ಹೊಟ್ಟೆಯಿಂದ ಕಿತ್ತುಕೊಂಡು ಬಂದಾಗ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು, ಭುಜಗಳು ಕುಣಿದವು. "ಅತ್ತುಬಿಡು ತಾಯಿ, ಅತ್ತುಬಿಡು" ಎಂದು ಯಾರೋ ಎರಡೂ ಕಡೆಯಿಂದ ಹಿಡಿದುಕೊಂಡರು. ಆ ಸಾಲನ್ನು ಬರೆದವಳು ಅವಳೇ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬರೆದದ್ದು ಒಂದು ರಜಾದಿನದ ಮಧ್ಯಾಹ್ನ. ಅವನು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಗುಮಾಸ್ತ. ರಜೆಯಲ್ಲೂ ದಾಸ್ತಾನು ನೋಡಲು ಕರೆಸಿದ್ದರು, ಅವನು ಊಟದ ಡಬ್ಬಿ ಮನೆಯಲ್ಲೇ ಮರೆತು ಹೋಗಿದ್ದ. ಅವಳು ಡಬ್ಬಿ ಹಿಡಿದು ಹೋದಾಗ ಆ ದೊಡ್ಡ ಷೆಡ್ಡಿನಲ್ಲಿ ಅವನು ಮತ್ತು ಫೋರ್ಕ್‌ಲಿಫ್ಟ್ ಓಡಿಸುವ ಗಡಿಯಾರದಣ್ಣ ಇಬ್ಬರೇ ಇದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಾರದ್ದಕ್ಕೆ ಆ ಮನುಷ್ಯನಿಗೆ ಆ ಹೆಸರು. ಎತ್ತುವುದಕ್ಕೆ ಏನೂ ಉಳಿದಿರಲಿಲ್ಲ. ಡಬ್ಬಿಯೊಳಗಿನ ಬೇಯಿಸಿದ ಮೊಟ್ಟೆಯನ್ನು ತೆಗೆದು ಅವಳೇ, "ಇದನ್ನ ಎತ್ತಿ ನೋಡೋಣ ಅಣ್ಣ" ಎಂದಳು. ಗಡಿಯಾರದಣ್ಣ ಮುಖ ಸಡಿಲಿಸದೆ ಸರಕು ಪೇರಿಸುವ ಖಾಲಿ ಪ್ಯಾಲೆಟ್ಟಿನ ನಡುವೆ ಮೊಟ್ಟೆಯನ್ನು ಇರಿಸಿಕೊಂಡು, ಒಂದು ಟನ್ ಸಿಮೆಂಟನ್ನು ಎತ್ತುವ ಗಾಂಭೀರ್ಯದಲ್ಲಿ ಆಳೆತ್ತರಕ್ಕೆ ಎತ್ತಿದ. ಮೊಟ್ಟೆ ಅಲುಗಲಿಲ್ಲ. ಗಂಡ ನಕ್ಕು ನಕ್ಕು ನೆಲಕ್ಕೆ ಕೂತ. ಆಮೇಲೆ ಎದ್ದು ಗಡಿಯಾರದಣ್ಣನ ಕಾರ್ಡು ಕೇಳಿ ಕೊರಳಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತ. ಆ ಕಾರ್ಡು ತೋರಿಸಿದರೆ ಮಾತ್ರ ಯಂತ್ರ ಚಾಲೂ ಆಗುವುದು; ಅದರ ಮೇಲೆ ಚಾಲಕನ ಹೆಸರು, ಫೋಟೋ, ತರಬೇತಿ ಮುಗಿಸಿದ ತಾರೀಖು. "ನನ್ನ ಮುಖ ಇರ್ಲಿ ಅಂತೀಯಾ ಅದ್ರಲ್ಲಿ? ಜನ ಹೆದರ್ಕೋತಾರೆ" ಎಂದ ಗಡಿಯಾರದಣ್ಣ. ಅವಳ ಪರ್ಸಿನಲ್ಲಿ ಗಂಡನದೊಂದು ಪಾಸ್‌ಪೋರ್ಟ್ ಫೋಟೋ ಇತ್ತು. ಅವಳೇ ಅದನ್ನು ಪ್ಲಾಸ್ಟಿಕ್ ಹೊದಿಕೆಯೊಳಗೆ, ಗಡಿಯಾರದಣ್ಣನ ಮುಖದ ಮೇಲೆ ತೂರಿಸಿದಳು. ಅವನು ಕೈ ಚಾಚಿ, ಎದೆ ಸೆಟೆದು, ಇಲ್ಲದ ಜನಸಮೂಹವನ್ನು ತಡೆದ. ಅವಳು ಕ್ಲಿಕ್ಕಿಸಿದಳು. ಸಂಜೆ ಬಸ್ಸಿನಲ್ಲಿ ಕೂತು ಎರಡು ಸಾಲು ಬರೆದು ಫೋಟೋವನ್ನು ತನ್ನ ಖಾತೆಯಲ್ಲಿ ಹಾಕಿದಳು.

ಅವಳನ್ನು ಬಲ್ಲ ಹನ್ನೊಂದು ಜನ ಮೊದಲು ನಕ್ಕರು. ಯಾರೋ ಅದನ್ನು ತಮ್ಮ ಆಫೀಸಿನವರಿಗೆ ಕಳಿಸಿದರು. ವಾರದೊಳಗೆ ಮೊಟ್ಟೆ ಹೋಗಿ ಅದರ ಜಾಗಕ್ಕೆ ಸೋಫಾದ ಮೇಲೆ ಗೊರಕೆ ಹೊಡೆಯುವ ಯಾರದೋ ಮಾವ ಬಂದ, ನಪಾಸಾದ ಅಂಕಪಟ್ಟಿ ಬಂತು, ಮುರಿದುಬಿದ್ದ ನಿಶ್ಚಿತಾರ್ಥದ ಉಂಗುರ, ಒಂದು ಹಲ್ಲು, ಚಂದ್ರ, ಅಳುವ ಮಗುವಿನ ತೊಟ್ಟಿಲು ಬಂದವು. ಆಮೇಲೆ ಅವಳಿಗೆ ಓದಲಾಗದ ಲಿಪಿಗಳಲ್ಲಿ ಬಂತು. ಅಕ್ಷರ ತಿಳಿಯದಿದ್ದರೂ ಒಂದು ಗಿಡ್ಡ ಸಾಲು, ಒಂದು ಉದ್ದ ಸಾಲು ನೋಡಿದರೆ ಅದೇ ಎಂದು ಗೊತ್ತಾಗುತ್ತಿತ್ತು. ಇದರಲ್ಲಿ ನಗುವಂಥದ್ದೇನಿದೆ ಎಂದು ಕೇಳಿದವರ ಫೋಟೋವನ್ನೇ ಹಿಡಿದು ಜನ ಯಂತ್ರದ ಮೇಲೆ ಕೂರಿಸಿ ನಕ್ಕರು. ಎಂ.ಎ.ಯಲ್ಲಿ ಅವಳು ಒಂದೇ ಒಂದು ಜನಪದ ಕತೆಯ ನಲವತ್ತೆರಡು ಪಾಠಾಂತರಗಳ ಬೆನ್ನುಹತ್ತಿ ಪ್ರಬಂಧ ಬರೆದಿದ್ದಳು. ಮೂಲಕತೆ ಎಲ್ಲಿ ಹುಟ್ಟಿತು ಎಂದು ಪೀಡಿಸಿದಾಗ ಅವಳ ಗುರುಗಳು, "ಕತೆಗೆ ತಾಯಿ ಇರೋದಿಲ್ಲಮ್ಮ, ಅಕ್ಕತಂಗಿಯರಷ್ಟೇ ಇರ್ತಾರೆ" ಎಂದಿದ್ದರು. ಈಗ ಈ ತಮಾಷೆಗೆ ತಾನೇ ತಾಯಿಯಾಗಿ ಕೂತಿದ್ದಳು, ಅದು ಯಾರಿಗೂ ಬೇಕಾಗಿರಲಿಲ್ಲ. ಗೋದಾಮಿನಲ್ಲಿ ಅವನನ್ನು "ತರಬೇತಿ ಸಾಹೇಬ್ರು" ಎಂದು ಕರೆಯಲು ಶುರುಮಾಡಿದರು. ಮ್ಯಾನೇಜರು ಎಲ್ಲರೆದುರು ಪೆನ್ಸಿಲು ಬೀಳಿಸಿ, "ಎತ್ತಿ ಸಾಹೇಬ್ರೆ, ನಿಮಗೆ ತರಬೇತಿ ಆಗಿದೆಯಲ್ಲ" ಎಂದನಂತೆ. ಅವನು ಎತ್ತಿಕೊಟ್ಟನಂತೆ. ಅದನ್ನು ಮನೆಗೆ ಬಂದು ನಗುತ್ತಲೇ ಹೇಳಿದ. ಆ ನಗುವಿನ ಹಿಂದೆ ಏನಾದರೂ ಇತ್ತೇ ಎಂದು ಅವಳು ಅವತ್ತು ನೋಡಲಿಲ್ಲ. ಅವಳ ಗಮನ ಬೇರೆಡೆಗಿತ್ತು: ಎರಡು ತಿಂಗಳ ಮೇಲೆ ಹೊಸ ಚಿತ್ರಗಳು ಕಡಿಮೆಯಾಗಿದ್ದವು, ಜನ ಬೇರೆ ಏನಕ್ಕೋ ನಗಲು ಹೋಗಿದ್ದರು, ತನ್ನಿಂದ ಏನೋ ಕಿತ್ತುಕೊಂಡಂತೆ ಅವಳಿಗೆ ಸಿಡಿಮಿಡಿಯಾಗುತ್ತಿತ್ತು. "ಇನ್ನೊಂದು ಹಾಕೋಣ ಕಣೋ" ಎಂದಳು. "ನಿಂತದ್ದು ನೋಡಿ ನೋಡಿ ಬೇಜಾರಾಗಿದೆ ಜನಕ್ಕೆ. ಈ ಸಲ ನೀನೇ ಕೂತು ಓಡಿಸ್ತಿರೋ ಹಾಗೆ." ಅವನು ಸಾಕ್ಸು ಬಿಚ್ಚುತ್ತಿದ್ದ. "ನನಗೆಲ್ಲಿ ಓಡಿಸೋಕೆ ಬರುತ್ತೆ ಮಾರಾಯ್ತಿ?" ಎಂದ. "ನಿನಗೆ ತರಬೇತಿ ಆಗಿದೆ ಅಂತ ಊರಿಗೆಲ್ಲ ಗೊತ್ತು, ನಿನಗೊಬ್ಬನಿಗೇ ಗೊತ್ತಿಲ್ಲ ನೋಡು" ಎಂದಳು ಅವಳು. ಇಬ್ಬರೂ ನಕ್ಕರು. ಮದುವೆಯಾದ ಮೂರು ವರ್ಷದಲ್ಲಿ ಅವಳು ಆಡಿದ ಮಾತುಗಳಲ್ಲೆಲ್ಲ ಅದೇ ಒಳ್ಳೆಯ ಮಾತು ಎಂಬಂತೆ ಅವನು ನಕ್ಕ. ಅದು ನಡೆದ ಮೂರನೆಯ ದಿನ ಊಟದ ವಿರಾಮದಲ್ಲಿ, ಎಲ್ಲರೂ ಕ್ಯಾಂಟೀನಿನಲ್ಲಿದ್ದಾಗ, ಷೆಡ್ಡಿನ ಹಿಂದಿನ ಇಳಿಜಾರಿನಲ್ಲಿ ಫೋರ್ಕ್‌ಲಿಫ್ಟ್ ಅವನ ಮೇಲೆ ಮಗುಚಿತು.

ಅವಳು ಚಹಾ ಮುಗಿಸಿ ಕೋಣೆಗೆ ಹೋಗಿ ಕಪಾಟಿನ ತಳದಿಂದ ಆಸ್ಪತ್ರೆಯವರು ಕೊಟ್ಟಿದ್ದ ಬಿಳಿ ಚೀಲ ತೆಗೆದಳು. ಬಟ್ಟೆಗಳನ್ನು ನೆಂಟರು ಸುಟ್ಟಿದ್ದರು. ಚೀಲದಲ್ಲಿ ಉಳಿದದ್ದು ಕನ್ನಡಕದ ಒಂದು ಕಡ್ಡಿ, ಮನೆಯ ಬೀಗದ ಕೈ, ಮತ್ತೆ ಅವನ ಅಂಗಿಯ ಜೇಬಿನಲ್ಲಿದ್ದ ಕಾರ್ಡು. ಪ್ಲಾಸ್ಟಿಕ್ಕಿನೊಳಗೆ ಯಾವುದೋ ಒದ್ದೆ ಇಳಿದು ಒಣಗಿತ್ತು. ಆ ಒದ್ದೆ ಯಾವುದೆಂದು ಅವಳು ಯೋಚಿಸಲಿಲ್ಲ, ಯೋಚಿಸದಿರುವುದು ಈ ಒಂಬತ್ತು ದಿನದಲ್ಲಿ ಚೆನ್ನಾಗಿ ರೂಢಿಯಾಗಿತ್ತು. ಅವತ್ತು ತೂರಿಸಿದ್ದನ್ನು ಯಾರೂ ತೆಗೆದಿರಲಿಲ್ಲ; ಕಾರ್ಡಿನಲ್ಲಿ ಇನ್ನೂ ಅವನ ಮುಖವೇ ಇತ್ತು, ಕೆಳಗೆ ಬೇರೊಬ್ಬನ ಹೆಸರು. ಗಡಿಯಾರದಣ್ಣ ನಾಲ್ಕು ದಿನದ ಹಿಂದೆ ಫೋನ್ ಮಾಡಿ, "ತಂಗೀ, ನನ್ನ ಕಾರ್ಡು ಎಲ್ಲಾದ್ರೂ..." ಎಂದು, ಹಿಂದೆ ಯಾರೋ ಅಳುವುದು ಕೇಳಿಸಿತೋ ಏನೋ, "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟಿದ್ದ. ಮತ್ತೆ ಮಾಡಲಿಲ್ಲ. ಗಡಿಯಾರದಣ್ಣನನ್ನು ಯಂತ್ರದಿಂದ ಇಳಿಸಿ ಕೈಗಾಡಿ ತಳ್ಳಲು ಹಾಕಿದ್ದಾರೆ, ವಿಚಾರಣೆಯಲ್ಲಿ "ಕಾರ್ಡನ್ನ ಯಂತ್ರದ ಮೇಲೇ ಮರೆತು ಊಟಕ್ಕೆ ಹೋದೆ, ತಪ್ಪು ನಂದೇ" ಎಂದು ಬರೆದುಕೊಟ್ಟಿದ್ದಾನೆ ಎಂದು ಗೋದಾಮಿನಿಂದ ಬಂದಿದ್ದವರು ವರಾಂಡದಲ್ಲಿ ಮಾತಾಡಿಕೊಂಡದ್ದು ಅವಳಿಗೆ ಕೇಳಿಸಿತ್ತು. ಮರೆಯುವವನಲ್ಲ ಆ ಮನುಷ್ಯ. ಅಂದರೆ ಕೊಟ್ಟಿದ್ದಾನೆ. ಕೊಟ್ಟು, ತನ್ನ ಕೈಯಿಂದ ಒಬ್ಬ ಸತ್ತ ಎಂದುಕೊಂಡು ಕೈಗಾಡಿ ತಳ್ಳುತ್ತಿದ್ದಾನೆ. ಗಂಡ ಕಾರ್ಡು ಕೇಳುವಂತೆ ಮಾಡಿದ್ದು ಯಾರು ಎಂಬುದು ಅವನಿಗೆ ಗೊತ್ತಿಲ್ಲ. ಅವಳು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಡನ್ನು ಕವರಿನಲ್ಲಿ ಹಾಕಿ ಗೇಟಿನ ಕಾವಲುಗಾರನ ಕೈಯಲ್ಲಿಟ್ಟು ಬರಬಹುದು. ಅವಳು ಕವರೊಂದನ್ನೂ ಚೀಲಕ್ಕೆ ಹಾಕಿಕೊಂಡಳು.

ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಫೋಟೋ ತೆರೆದವನೇ ಕುರ್ಚಿ ಹಿಂದಕ್ಕೆ ತಳ್ಳಿ ನಕ್ಕ. "ಅಯ್ಯೋ, ನಮ್ಮ ತರಬೇತಿ ಆಸಾಮಿ! ಇದು ಎಲ್ಲಿ ಸಿಕ್ತು ಮೇಡಂ ಇಷ್ಟು ಕ್ಲಿಯರ್ ಆಗಿ? ನಾನು ನೋಡಿದ್ದೆಲ್ಲ ಮಸುಕು." ಒಳಗಿದ್ದ ಹೆಂಡತಿಯನ್ನು ಕರೆದ, "ಬಾರೇ ಇಲ್ಲಿ, ಮೊಟ್ಟೆ ಇರೋದು ನೋಡು, ಅಸಲಿ ಮೊಟ್ಟೆ!" ಆ ಹೆಂಡತಿಯೂ ಹಿಟ್ಟಿನ ಕೈಯಲ್ಲೇ ಬಂದು ನೋಡಿ ನಕ್ಕಳು. ಒಳ್ಳೆಯ ಜನ. ಎದುರು ಕೂತ ಅವಳ ಮುಖದಲ್ಲೂ ನಗುವಿನಂಥದ್ದು ಬಂದು ನಿಂತಿತು, ಅದನ್ನು ಇಳಿಸುವುದು ಹೇಗೆಂದು ತಿಳಿಯಲಿಲ್ಲ. "ಪರಿಚಯದವರಾ ಮೇಡಂ?" ಎಂದು ಅವನು ಕೇಳಿದಾಗ "ಇಲ್ಲ" ಎಂದಳು. ಇಷ್ಟು ಸಲೀಸಾಗಿ ಬಂತಲ್ಲ ಎಂದು ಕಿವಿ ಬಿಸಿಯಾಯಿತು. "ಫೋರ್ಕ್‌ಲಿಫ್ಟ್ ತೆಗೆದು, ಹಿಂದೆ ಬರೀ ನೀಲಿ ಬಣ್ಣ ಹಾಕಿ ಕೊಡ್ತೀರಾ? ಆ ಕೈಯನ್ನೂ ಕೆಳಗಿಳಿಸೋಕಾದ್ರೆ ಇಳಿಸಿ." ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಕೈ ಇಳಿಸಿ, ಗಾಡಿ ತೆಗೆದುಬಿಟ್ರೆ ಇವನಲ್ಲಿ ಏನುಳೀತದೆ ಮೇಡಂ? ಯಾರೂ ಗುರುತು ಹಿಡಿಯಲ್ಲ." "ಪರವಾಗಿಲ್ಲ" ಎಂದಳು. ಅವನು ಮೌಸು ಆಡಿಸಿ ಮೊದಲು ಮೊಟ್ಟೆ ಅಳಿಸಿದ, ಆಮೇಲೆ ಕಬ್ಬಿಣದ ತೋಳು, ಆಮೇಲೆ ಚಕ್ರ. ಚಾಚಿದ ಕೈಯನ್ನು ಮಣಿಕಟ್ಟಿನವರೆಗೆ ಅಳಿಸಿ, ಬೇರೆ ಯಾರದೋ ಕೈ ಹುಡುಕತೊಡಗಿದ. ಸಂಜೆ ಬರುತ್ತೇನೆಂದು ಅವಳು ಎದ್ದಳು.

ಬಸ್ಸಿನಲ್ಲಿ ಕೂತಾಗ ಒಂದು ವಾರದಿಂದ ತೆರೆಯದೆ ಬಿಟ್ಟಿದ್ದ ಸಂದೇಶವೊಂದನ್ನು ತೆರೆದಳು. ಕಳಿಸಿದವರು ಅಂತರ್ಜಾಲದಲ್ಲಿ ಹಬ್ಬಿದ ತಮಾಷೆಗಳ ಮೂಲ ಹುಡುಕಿ ಬರೆಯುವವರಂತೆ. ಹಿಂದೆ ಹಿಂದೆ ಹೋಗುತ್ತ ಅವಳ ಖಾತೆಯವರೆಗೆ ಬಂದು ನಿಂತಿದ್ದರು. ಚಿತ್ರದಲ್ಲಿರುವವನು ನಟನೆಂದು ಕೆಲವರು, ಯಾವುದೋ ತರಬೇತಿ ಸಂಸ್ಥೆಯ ಜಾಹೀರಾತೆಂದು ಕೆಲವರು, ಅಂಥ ಮನುಷ್ಯನೇ ಇಲ್ಲ, ಕಂಪ್ಯೂಟರು ರಚಿಸಿದ ಮುಖವದು ಎಂದು ಹಲವರು ವಾದಿಸುತ್ತಿದ್ದಾರೆ, ನಿಮಗೇನಾದರೂ ಗೊತ್ತೇ ಎಂದು ಕೇಳಿದ್ದರು. ಎಷ್ಟು ಅಚ್ಚುಕಟ್ಟಾದ ಕೆಲಸ ಎಂದು ಅವಳೊಳಗಿನ ವಿದ್ಯಾರ್ಥಿನಿ ಮೆಚ್ಚಿಕೊಂಡಳು. ಪಾಠಾಂತರಗಳಿಗೆ ಕ್ರಮಸಂಖ್ಯೆ ಕೂಡ ಕೊಟ್ಟಿದ್ದರು. ತೊಟ್ಟಿಲಿನದು ನೂರಾ ಎಂಟು. ತಮಗೆ ಮಗು ಆದಾಗ ಇದನ್ನು ತೋರಿಸಬೇಕು ಎಂದು ತೊಟ್ಟಿಲಿನ ಚಿತ್ರವನ್ನು ಗಂಡ ಬೇರೆಯಾಗಿ ಉಳಿಸಿಟ್ಟುಕೊಂಡಿದ್ದ. 'ಗೊತ್ತಿಲ್ಲ' ಎಂದು ಬರೆದು ಕಳಿಸಿದಳು. ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿ ಎಲೆಕೋಸು ಇತ್ತು, ಬಸ್ಸು ತಿರುಗಿದಾಗಲೆಲ್ಲ ಅದು ಉರುಳಿ ಅವಳ ತೊಡೆಗೆ ತಾಗುತ್ತಿತ್ತು, ಹೆಂಗಸು ಪ್ರತಿ ಸಲವೂ "ಸಾರಿ ಅಮ್ಮ" ಎನ್ನುತ್ತಿದ್ದಳು.

ಗೋದಾಮಿನ ಗೇಟಿನಲ್ಲಿ ಕಾವಲುಗಾರ ಅವಳನ್ನು ಕಂಡು ಎದ್ದು ನಿಂತ. ಕವರು ಅವಳ ಕೈಯಲ್ಲೇ ಇತ್ತು. "ಗಡಿಯಾರದಣ್ಣ ಇದ್ದಾರಾ?" ಎಂದು ತನ್ನದೇ ಧ್ವನಿ ಕೇಳಿತು. ಷೆಡ್ಡಿನ ಪಕ್ಕ, ಖಾಲಿ ಡ್ರಮ್ಮುಗಳ ಹತ್ತಿರ ಅವನು ಕೈಗಾಡಿಗೆ ಒರಗಿ ಕೂತಿದ್ದ. ಒಂಬತ್ತು ದಿನದಲ್ಲಿ ಗಡ್ಡ ಬೆಳೆದು ಬೆಳ್ಳಗಾಗಿತ್ತು. ಅವಳನ್ನು ಕಂಡವನೇ ಎದ್ದು, ಕೈಗಾಡಿಯನ್ನೇ ಒರೆಸಿ, "ಕೂತ್ಕೋ ತಂಗಿ" ಎಂದ. ಅವಳು ಕೂರಲಿಲ್ಲ.

"ಅಣ್ಣ, ಅವರಿಗೆ ಕಾರ್ಡು ನೀವೇ ಕೊಟ್ಟಿದ್ದು ಅಲ್ವಾ?"

ಅವನು ಒರೆಸಿದ ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

"ಓಡಿಸು ಅಂದಿದ್ದು ನಾನು. ಫೋಟೋ ಬೇಕು ಅಂತ. ಬರಲ್ಲ ಅಂದ್ರು, ನಾನೇ ತಮಾಷೆ ಮಾಡಿದೆ. ನೀವು ಸುಮ್ನೆ ನಿಮ್ಮ ತಲೆ ಮೇಲೆ ಹಾಕ್ಕೊಂಡಿದ್ದೀರಿ."

"ಗೊತ್ತು" ಎಂದ ಅವನು.

ಅವಳಿಗೆ ಅರ್ಥವಾಗಲಿಲ್ಲ.

"ಹೇಳಿದ್ದ ಅವನು. 'ಮನೇಲಿ ಕೇಳಿದಾಳೆ ಅಣ್ಣ, ಆಸೆಪಟ್ಟಿದಾಳೆ. ಫೋಟೋಗೆ ಮೊದಲು ಒಂದೇ ಒಂದು ಸುತ್ತು ಅಭ್ಯಾಸ ಮಾಡ್ಕೋತೀನಿ' ಅಂದ. ಇನ್ನೊಬ್ಬರಿಗಾದ್ರೆ ಕೊಡ್ತಿರಲಿಲ್ಲ. ಅವನು ಏನೂ ಕೇಳಿದವನಲ್ಲ ನೋಡು ಯಾವತ್ತೂ."

"ಮತ್ತೆ ವಿಚಾರಣೆಯಲ್ಲಿ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಮೊಟ್ಟೆ ಅಂತ ಹೇಳ್ಲಾ?" ಎಂದು ಅವನು ನೆಲ ನೋಡಿದ. "ನೀನು ಕೇಳಿದೆ, ನಾನು ಕೊಟ್ಟೆ. ಹಂಚ್ಕೊಂಡ್ರೆ ಅರ್ಧ ಆಗೋ ಅಂಥದ್ದಲ್ಲ ತಂಗಿ ಇದು. ಇಬ್ಬರಿಗೂ ಪೂರ್ತಿಪೂರ್ತಿ ಬರುತ್ತೆ."

ಹೇಳಿದರೆ ಏನಾದರೂ ಸಡಿಲವಾಗುತ್ತದೆ, ಅವನಾದರೂ ಬಯ್ಯುತ್ತಾನೆ ಎಂದು ಅವಳು ಎಣಿಸಿ ಬಂದಿದ್ದಳು. ಬಂದ ದಾರಿಯೆಲ್ಲ ಅದೊಂದನ್ನೇ ಹಿಡಿದುಕೊಂಡು ಬಂದಿದ್ದಳು ಎಂಬುದು ಈಗ ಗೊತ್ತಾಯಿತು. ಷೆಡ್ಡಿನೊಳಗೆ ಬೇರೆ ಯಾರೋ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು, ಅದು ಹಿಂದಕ್ಕೆ ಬರುವಾಗ ಕುಂಯ್ ಕುಂಯ್ ಎನ್ನುವ ಸದ್ದು ನಿಂತು ನಿಂತು ಬರುತ್ತಿತ್ತು. ಗಡಿಯಾರದಣ್ಣ ಅಭ್ಯಾಸಬಲದಿಂದ ಅತ್ತ ಕಿವಿಗೊಟ್ಟ. "ತುಂಬ ಜೋರಾಗಿ ತಿರುಗಿಸ್ತಾನೆ ಇವನು" ಎಂದ. ಆಮೇಲೆ, ಅವಳಿಗಲ್ಲವೆಂಬಂತೆ: "ಹಾರಬಾರದಿತ್ತು ಅವನು."

"ಏನು?"

"ಗಾಡಿ ವಾಲಿದ್ರೆ ಹಾರಬಾರದು. ಮೊದಲನೇ ದಿನ, ಮೊದಲನೇ ಪಾಠ ಅದು. ಹಾರಿದ್ರೆ ಅದು ಮೇಲೇ ಬೀಳುತ್ತೆ. ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡು, ಕಾಲು ಊರಿ, ಬೀಳೋ ಕಡೆಗೆ ಬೆನ್ನು ಮಾಡಿ ಕೂತೇ ಇರ್ಬೇಕು. ಕೂತವನಿಗೆ ಏನೂ ಆಗಲ್ಲ, ಮೇಲೆ ಪಂಜರ ಇರುತ್ತೆ." ಅವನು ಗಾಳಿಯಲ್ಲಿ ಹಿಡಿದಿದ್ದ ಸ್ಟೇರಿಂಗನ್ನು ನೋಡಿ ಕೈ ಬಿಟ್ಟ. "ಕಲೀದೆ ಇದ್ದವರು ಎಲ್ಲರೂ ಹಾರ್ತಾರೆ. ಯಾರಿಗಾದ್ರೂ ಮೈ ಹಾಗೇ ಹೇಳುತ್ತೆ. ಕಾರ್ಡು ಕೊಡುವಾಗ ಇದೊಂದು ಮಾತು ಹೇಳಿದ್ರೆ ಆಗ್ತಿತ್ತು. ಗಡಿಯಾರ ನೋಡಿದೆ. ಊಟದ ಟೈಮ್ ಆಗಿತ್ತು."

ಅವಳು ಕವರಿನಿಂದ ಕಾರ್ಡು ತೆಗೆದು ಚಾಚಿದಳು. ಅವನು ತೆಗೆದುಕೊಂಡು, ಅದರಲ್ಲಿದ್ದ ಮುಖ ನೋಡಿದ. ಆಮೇಲೆ ಹೊದಿಕೆಯೊಳಗೆ ಉಗುರು ತೂರಿಸಿ, "ಇದು ನಿಂದು" ಎನ್ನುತ್ತ ಫೋಟೋವನ್ನು ಮೆಲ್ಲಗೆ ಎಳೆದ. ಒದ್ದೆ ಒಣಗಿ ಅದು ಕಾರ್ಡಿಗೆ ಅಂಟಿಕೊಂಡುಬಿಟ್ಟಿತ್ತು. ಬಂದದ್ದು ಅರ್ಧವೇ, ಒಂದು ಕಣ್ಣು, ಹಣೆ, ಎಣ್ಣೆ ಹಾಕಿ ಬಾಚಿದ ಕೂದಲು. ಉಳಿದ ಕೆನ್ನೆ, ಬಾಯಿ, ಕತ್ತು ಕಾರ್ಡಿನಲ್ಲಿದ್ದ ಗಡಿಯಾರದಣ್ಣನ ಮುಖದ ಮೇಲೆ ಹಾಗೇ ಉಳಿಯಿತು. ಅವನು ಬಂದ ತುಂಡನ್ನು ಅವಳ ಅಂಗೈಗೆ ಇಟ್ಟ. ಕಾರ್ಡನ್ನು ಒಮ್ಮೆ ಪ್ಯಾಂಟಿಗೆ ಉಜ್ಜಿದ, ಹೋಗಲಿಲ್ಲ. "ಇರ್ಲಿ ಬಿಡು" ಎಂದ. "ಇರೋಕಾಗಲ್ಲ ಅಣ್ಣ. ಮುಖ ಕಾಣದಿದ್ರೆ ಗಾಡಿ ಮುಟ್ಟೋಕೆ ಬಿಡ್ತಾರಾ ನಿಮ್ಮನ್ನ?" ಎಂದಳು ಅವಳು.

"ಕೊಡಿ ಇಲ್ಲಿ" ಎಂದು ಅವಳು ಕಾರ್ಡನ್ನು ವಾಪಸು ಇಸಿದುಕೊಂಡಳು. ಕೈಗಾಡಿಯ ತುದಿಯಲ್ಲಿ ಕೂತು, ಸೆರಗಿನ ಚುಂಗಿಗೆ ಅವನ ಬಾಟಲಿಯ ನೀರು ಹನಿಸಿಕೊಂಡು, ಮೊದಲು ಕತ್ತಿನಿಂದ ಶುರುಮಾಡಿದಳು. ಕಾಗದ ನೆನೆದು ಸುರುಳಿ ಸುರುಳಿಯಾಗಿ ಏಳತೊಡಗಿತು. ಗದ್ದ ಹೋಯಿತು. ಬಾಯಿಯ ಹತ್ತಿರ ಬಂದಾಗ ಅಂಟು ಗಟ್ಟಿಯಿತ್ತು, ಉಗುರಿನಿಂದ ಕೆರೆಯಬೇಕಾಯಿತು. ಕೆರೆದಳು. ಅಡಿಯಿಂದ ಇಪ್ಪತ್ತಾರು ವರ್ಷದ ಹಿಂದಿನ ಗಡಿಯಾರದಣ್ಣನ ತುಟಿ, ಎಳೆಯ ಮೀಸೆ, ಕ್ಯಾಮೆರಾಕ್ಕೆ ಹೆದರಿದ ಮೂಗು ಒಂದೊಂದಾಗಿ ಮೇಲೆ ಬಂದವು. ಕೆನ್ನೆಯ ಮೇಲಿನ ಕೊನೆಯ ಚೂರನ್ನು ಅವಳು ಉಜ್ಜುತ್ತಲೇ ಇದ್ದಳು, ಅದು ಯಾವಾಗಲೋ ಹೋಗಿತ್ತು.

"ಸಾಕು ತಂಗಿ" ಎಂದ ಅವನು. "ಗುರುತು ಸಿಗುತ್ತೆ."

ಅವಳು ಕಾರ್ಡನ್ನು ಒರೆಸಿ ಅವನ ಕೈಗೆ ಕೊಟ್ಟಳು.